ಪಕ್ಷವನ್ನು ಎದುರಿಸಿದವರು, ಪಕ್ಷವನ್ನು ಬಿಟ್ಟವರು

ಮಧುಗಿರಿ ತಾಲ್ಲೂಕಿನ ನಿವೃತ್ತ ಶಿಕ್ಷಕರೊಬ್ಬರ ಪತ್ರ: “ಗೆಲ್ಲಿಸಿದ ಪಕ್ಷಕ್ಕೆ ತಿರುಗಿಬಿದ್ದವರು ಮತದಾರರಿಗೇ ತಿರುಗಿಬಿದ್ದಂತೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ನಮ್ಮ ಶಾಸಕ ಕೆ.ಎನ್. ರಾಜಣ್ಣನವರು ಪಕ್ಷ ಬಿಡಲಿಲ್ಲ. ಮಾತನಾಡಿದ್ದಕ್ಕೆ ಮಂತ್ರಿ ಪದವಿ ಕಳೆದುಕೊಂಡರು. ಅವರನ್ನೂ 2019ರಲ್ಲಿ ಸರ್ಕಾರ ಬೀಳಿಸಿದವರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೇ? ಇಷ್ಟಾದ ಮೇಲೂ ಅವರು ಆ ಪಕ್ಷದಲ್ಲಿ ಏಕಿರಬೇಕು?”

ಗುರುಗಳೇ, ನಮಸ್ಕಾರ.

ನ್ಯಾಯವಲ್ಲ. ನಿಮ್ಮ ಪತ್ರವನ್ನು ಎರಡು ಸಲ ಓದಿದ ಮೇಲೆ, ನಾನು ಬರೆದ ಆ ವಾಕ್ಯ ತಪ್ಪೆಂದು ನನಗೇ ಅನ್ನಿಸಿತು. ಪಕ್ಷದ ಮಾತಿಗೆ ಎದುರಾಡುವುದು ಒಂದು, ಪಕ್ಷದ ಚಿಹ್ನೆಯಲ್ಲಿ ಗೆದ್ದು ಅವಧಿಯ ನಡುವೆ ಇನ್ನೊಂದು ಪಕ್ಷದ ಮನೆ ಸೇರುವುದು ಬೇರೊಂದು. ಎರಡಕ್ಕೂ ಒಂದೇ ಹೆಸರಿಟ್ಟೆ.

2025ರ ಆಗಸ್ಟ್‌ನಲ್ಲಿ ಕಾಂಗ್ರೆಸ್ ಮತಗಳ್ಳತನದ ಆರೋಪವನ್ನು ದೇಶದ ಮುಂದಿಟ್ಟಿದ್ದಾಗ, ಮತದಾರರ ಪಟ್ಟಿ ತಯಾರಾದಾಗ ಇಲ್ಲಿ ನಮ್ಮದೇ ಸರ್ಕಾರ ಇತ್ತಲ್ಲ, ಆಗೇಕೆ ನೋಡಲಿಲ್ಲ ಎಂಬ ಅರ್ಥದ ಮಾತನ್ನು ರಾಜಣ್ಣನವರು ಆಡಿದರು. ಸಂಪುಟದಿಂದ ಅವರನ್ನು ಕೈಬಿಡಲಾಯಿತು. ಅವರ ಮಾತು ಸರಿಯೋ ತಪ್ಪೋ ಎಂಬುದರ ಬಗ್ಗೆ ನಿಮಗೂ ನನಗೂ ಭಿನ್ನಾಭಿಪ್ರಾಯ ಇರಬಹುದು. ಆದರೆ ಅದನ್ನು ಅವರು ಪಕ್ಷದೊಳಗೆ ನಿಂತೇ ಬಹಿರಂಗವಾಗಿ ಹೇಳಿದರು, ಬೆಲೆಯನ್ನೂ ತೆತ್ತರು. ಮಧುಗಿರಿಯ ಮತದಾರರ ಕೈಯಿಂದ ಏನೂ ಕಸಿದುಹೋಗಲಿಲ್ಲ.

ನಿಮ್ಮ ತಾಲ್ಲೂಕಿನ ಗಡಿ ದಾಟಿದರೆ ಗೌರಿಬಿದನೂರು, ಇನ್ನೂ ಮುಂದೆ ಹೋದರೆ ಚಿಕ್ಕಬಳ್ಳಾಪುರ. ಅಲ್ಲಿ 2018ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಡಾ. ಕೆ. ಸುಧಾಕರ್ ಮರುವರ್ಷ ರಾಜೀನಾಮೆ ಕೊಟ್ಟವರ ಸಾಲಿನಲ್ಲಿದ್ದರು. 2019ರ ಜುಲೈ 23ರಂದು ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ 99–105 ಮತಗಳಿಂದ ಬಿತ್ತು. ಆಗ ವಿಧಾನಸಭಾಧ್ಯಕ್ಷರಾಗಿದ್ದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಶಾಸಕ ಕೆ.ಆರ್. ರಮೇಶ್ ಕುಮಾರ್. ಅವರು 17 ಶಾಸಕರನ್ನು ಅನರ್ಹಗೊಳಿಸಿ, ವಿಧಾನಸಭೆಯ ಅವಧಿ ಮುಗಿಯುವವರೆಗೆ ಸ್ಪರ್ಧಿಸುವಂತಿಲ್ಲ ಎಂದರು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು, ಸ್ಪರ್ಧೆಯ ಮೇಲಿನ ನಿಷೇಧವನ್ನು ತೆಗೆದುಹಾಕಿತು. ಡಿಸೆಂಬರ್‌ನಲ್ಲಿ ಉಪಚುನಾವಣೆ ನಡೆದು, ಸುಧಾಕರ್ ಬಿಜೆಪಿಯಿಂದ ಗೆದ್ದರು, ಫೆಬ್ರವರಿಯಲ್ಲಿ ಮಂತ್ರಿಯಾದರು. 2023ರಲ್ಲಿ ಅದೇ ಜನ ಅವರನ್ನು ಸೋಲಿಸಿದರು, 2024ರಲ್ಲಿ ಲೋಕಸಭೆಗೆ ಕಳಿಸಿದರು.

ಮತದಾರರೇ ಒಪ್ಪಿದ ಮೇಲೆ ದೂರುವುದಕ್ಕೆ ಏನಿದೆ ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಉಪಚುನಾವಣೆಯಲ್ಲಿ ಜನರ ಮುಂದೆ ಬರುವ ಹೊತ್ತಿಗೆ ಹಳೆಯ ಸರ್ಕಾರ ಬಿದ್ದು ಹೊಸದು ಕುಳಿತಾಗಿರುತ್ತದೆ. ಆಳುವ ಪಕ್ಷದ ಅಭ್ಯರ್ಥಿಯನ್ನು ಸೋಲಿಸಿದರೆ ಊರಿನ ಕೆಲಸ ನಿಂತೀತು ಎಂಬ ಭಯ ಜನರಿಗಿರುತ್ತದೆ. ಜನರ ಅಭಿಪ್ರಾಯ ಬೇಕಾಗಿದ್ದದ್ದು ಸರ್ಕಾರ ಬೀಳುವ ಮೊದಲು. ನನ್ನ ಸಿಟ್ಟು ಇರುವುದು ಅಲ್ಲಿ.

ನಮ್ಮದೇ ತುಮಕೂರು ಜಿಲ್ಲೆಯ ಎಸ್.ಪಿ. ಮುದ್ದಹನುಮೇಗೌಡರ ಹೆಸರನ್ನೂ ನಾನು ಹಿಂದಿನ ಬರಹದಲ್ಲಿ ಸೇರಿಸಿದ್ದೆ, ಅದೂ ಸರಿಯಲ್ಲ. 2019ರಲ್ಲಿ ಸಂಸದರಾಗಿದ್ದ ಅವರ ಕ್ಷೇತ್ರವನ್ನು ದೇವೇಗೌಡರಿಗಾಗಿ ಬಿಟ್ಟುಕೊಡಲಾಯಿತು. ನಾಮಪತ್ರ ಸಲ್ಲಿಸಿ ಹಿಂಪಡೆದರು, ಆಮೇಲೆ ಬಿಜೆಪಿಗೆ ಹೋಗಿ ಕಾಂಗ್ರೆಸ್ಸಿಗೆ ಮರಳಿದರು. ಪಕ್ಷ ಬದಲಿಸಿದಾಗ ಅವರ ಕೈಯಲ್ಲಿ ಜನ ಕೊಟ್ಟ ಸ್ಥಾನ ಇರಲಿಲ್ಲ.

ನಿಮ್ಮ ಪತ್ರ ನನ್ನನ್ನು ಹೆಚ್ಚು ಕಾಡಿದ್ದು ಕಾನೂನಿನ ವಿಷಯದಲ್ಲಿ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ಪ್ರಕಾರ, ಪಕ್ಷದ ವಿಪ್ (ಹೀಗೇ ಮತ ಹಾಕಬೇಕೆಂಬ ಪಕ್ಷದ ಆದೇಶ) ಮೀರಿ ಸದನದಲ್ಲಿ ಮತ ಹಾಕಿದವನು, ಪಕ್ಷ 15 ದಿನಗಳೊಳಗೆ ಮನ್ನಿಸದಿದ್ದರೆ, ಸ್ಥಾನ ಕಳೆದುಕೊಳ್ಳಬೇಕಾಗುತ್ತದೆ. ಸರ್ಕಾರ ಉರುಳಿಸುವ ಮತಕ್ಕೂ ಒಂದು ಸಾಮಾನ್ಯ ಮಸೂದೆಯ ಮೇಲಿನ ಮತಕ್ಕೂ ಅಲ್ಲಿ ಭೇದವಿಲ್ಲ.

ಹೇಮಾವತಿ ಲಿಂಕ್ ಕೆನಾಲ್ ವಿವಾದವನ್ನೇ ನೋಡಿ. ಕುಣಿಗಲ್ಲಿಗೂ ಮಾಗಡಿಗೂ ನೀರು ಒಯ್ಯುವ ಈ ಯೋಜನೆಗೆ ಗುಬ್ಬಿ ಕಡೆಯ ರೈತರು ಬೀದಿಗಿಳಿದು ವಿರೋಧಿಸಿದರು; ಕುಣಿಗಲ್ಲಿನವರು ತಮ್ಮ ಪಾಲಿನ ನೀರು ಎಂದರು. 2023ರಲ್ಲಿ ಗುಬ್ಬಿಯಲ್ಲೂ ಕುಣಿಗಲ್ಲಿನಲ್ಲೂ ಗೆದ್ದದ್ದು ಕಾಂಗ್ರೆಸ್. ಇದು ನಾಳೆ ಸದನದಲ್ಲಿ ಮತಕ್ಕೆ ಬಂದು ವಿಪ್ ಹೊರಟರೆ, ಇಬ್ಬರು ಶಾಸಕರಲ್ಲಿ ಒಬ್ಬರು ತಮ್ಮ ತಾಲ್ಲೂಕಿನ ವಿರುದ್ಧ ಕೈ ಎತ್ತಲೇಬೇಕು, ಇಲ್ಲವೇ ಸ್ಥಾನದ ಆಸೆ ಬಿಡಬೇಕು. ನಾಲೆಯ ಮೇಲ್ಭಾಗದವರು, ಕೊನೆಭಾಗದವರು ಎಂಬ ಭೇದ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ಇಲ್ಲ. ತನ್ನ ಊರಿನ ನೀರಿಗಾಗಿ ಪಕ್ಷದ ವಿರುದ್ಧ ಮತ ಹಾಕುವ ಶಾಸಕನನ್ನು ನಾನು ದ್ರೋಹಿ ಎನ್ನಲಾರೆ. ಇಂದಿನ ಕಾನೂನು ಅವನನ್ನು ಸದನದಿಂದ ಹೊರಗೆ ಹಾಕುತ್ತದೆ. ರಾಜೀನಾಮೆ ಕೊಟ್ಟು ಸರ್ಕಾರ ಕೆಡವಿದವನಿಗೆ ಉಪಚುನಾವಣೆಯ ಬಾಗಿಲು ತೆರೆದಿಡುತ್ತದೆ.

ವಿಪ್ ಮೀರಿದ್ದಕ್ಕೆ ಅನರ್ಹತೆಯ ಶಿಕ್ಷೆ ವಿಶ್ವಾಸಮತದಂಥ ಸರ್ಕಾರದ ಅಳಿವು ಉಳಿವಿನ ಪ್ರಶ್ನೆಗಷ್ಟೇ ಇರಲಿ ಎಂದು ಚುನಾವಣಾ ಸುಧಾರಣೆ ಕುರಿತ ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಹೇಳಿತ್ತು. ನನ್ನ ನಿಲುವೂ ಅದೇ. ಜೊತೆಗೆ, ರಾಜೀನಾಮೆಯಿಂದ ಸರ್ಕಾರ ಬೀಳಿಸಿದವರು ಆ ಅವಧಿ ಮುಗಿಯುವವರೆಗೆ ಸ್ಪರ್ಧಿಸಬಾರದು ಎಂಬ ನಿಯಮವನ್ನು ಸಂಸತ್ತೇ ಮಾಡಬೇಕು.

ಪಕ್ಷದ ವಿರುದ್ಧ ಮತ ಹಾಕಿದರೂ ಸ್ಥಾನ ಉಳಿಯುವ ಸಂದರ್ಭ ಈಗಲೂ ಒಂದಿದೆ: ರಾಜ್ಯಸಭಾ ಚುನಾವಣೆಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. 2022ರ ಜೂನ್‌ನಲ್ಲಿ ಕೋಲಾರದ ಜೆಡಿಎಸ್ ಶಾಸಕ ಕೆ. ಶ್ರೀನಿವಾಸಗೌಡರು ಕಾಂಗ್ರೆಸ್ಸಿಗೆ ಮತ ಹಾಕಿದೆ ಎಂದು ಮಾಧ್ಯಮದವರ ಎದುರೇ ಹೇಳಿದರು. ಪಕ್ಷ ಉಚ್ಚಾಟಿಸಿತು, ಆದರೆ ಆ ಮತಕ್ಕಾಗಿ ಶಾಸಕ ಸ್ಥಾನ ಹೋಗುವಂತಿರಲಿಲ್ಲ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಅಲ್ಲಿ ಮಾತ್ರ ನಾನು ನಿಮ್ಮೊಂದಿಗಿಲ್ಲ. ರಾಜಣ್ಣನವರು ಆ ಪಕ್ಷದಲ್ಲೇ ಇರಬೇಕು. 2023ರಲ್ಲಿ ನೀವು ಮಧುಗಿರಿಯಲ್ಲಿ ಮತ ಹಾಕಿದಾಗ ಮತಯಂತ್ರದಲ್ಲಿ ಅವರ ಹೆಸರಿನ ಪಕ್ಕದಲ್ಲಿ ಹಸ್ತದ ಗುರುತು ಇತ್ತು. ಈ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಅಲ್ಲಿಯೇ ಕುಳಿತು, ಹೇಳಬೇಕೆನಿಸಿದ್ದನ್ನು ಹೇಳಲಿ. ಬೇರೆ ಗುರುತು ಬೇಕೆನಿಸಿದರೆ ಮುಂದಿನ ಚುನಾವಣೆಯಲ್ಲಿ ಅದನ್ನು ಹಿಡಿದು ನಿಮ್ಮ ಮನೆಯ ಬಾಗಿಲಿಗೆ ಬರಲಿ.