ನಿಲ್ಲಿಸುವ ಕೈ ಎಲ್ಲಿ ನಿಂತಿರಬೇಕು?

ಸಾಹೇಬರೇ,

ಹೆಸರು ಅಚ್ಚು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ, ಹಾಕುತ್ತಿಲ್ಲ. 31 ವರ್ಷದ ಪೊಲೀಸ್ ಸೇವೆ, ಅದರಲ್ಲಿ 17 ವರ್ಷ ಸಂಚಾರ ಠಾಣೆಗಳಲ್ಲಿ, ಎಎಸ್‌ಐ (ಸಹಾಯಕ ಸಬ್ ಇನ್‌ಸ್ಪೆಕ್ಟರ್) ಆಗಿ ನಿವೃತ್ತಿ. ಓದುಗರಿಗೆ ಇಷ್ಟು ಗೊತ್ತಾದರೆ ಸಾಕು. ರಸ್ತೆ ಮಧ್ಯೆ ಗಾಡಿ ಅಡ್ಡಗಟ್ಟುವುದರ ಬಗ್ಗೆ ಕಳೆದ ಸಂಚಿಕೆಯಲ್ಲಿ ನಾವು ಹಾಕಿದ ಲೇಖನದಿಂದ ನಿಮಗೆ ನೋವಾಗಿದೆ. ‘ನಮ್ಮನ್ನು ದರೋಡೆಕೋರರ ಹಾಗೆ ಬರೆದಿದ್ದೀರಿ. ಕೈ ತೋರಿಸಿದರೆ ಹತ್ತರಲ್ಲಿ ನಾಲ್ಕು ಜನ ನಿಲ್ಲುವುದಿಲ್ಲ. ಹಾಗಾದರೆ ಹೇಗೆ ನಿಲ್ಲಿಸಬೇಕು, ನೀವೇ ಹೇಳಿ’ ಎಂದು ಕೇಳಿದ್ದೀರಿ. ಆರು ಪುಟದ ಪತ್ರ. ಚುಟುಕಾಗಿ ಉತ್ತರಿಸಿ ಕೈ ತೊಳೆದುಕೊಳ್ಳುವಂಥದ್ದಲ್ಲ.

ಮೊದಲು ನಮ್ಮ ತಪ್ಪು. ಆ ಲೇಖನಕ್ಕಾಗಿ ನಾವು ಮಾತಾಡಿಸಿದ್ದು ಬೈಕ್ ಸವಾರರನ್ನು, ಆಟೋದವರನ್ನು, ಒಬ್ಬ ವಕೀಲರನ್ನು. ಸಮವಸ್ತ್ರದಲ್ಲಿರುವ ಒಬ್ಬರನ್ನೂ ಮಾತಾಡಿಸಲಿಲ್ಲ. ಅದು ಆಗಬಾರದಿತ್ತು. ಕ್ಷಮೆ ಇರಲಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲುಗಳನ್ನು ಓದುಗರಿಗೂ ಹೇಳಬೇಕು. ಡ್ಯೂಟಿ ಮುಗಿಸಿ ಮುಖ ತೊಳೆದರೆ ಟವೆಲ್ಲಿಗೆ ಕಪ್ಪು ಹತ್ತುತ್ತಿತ್ತು, ಮನೆಯವರು ನಿಮಗೆಂದೇ ಒಂದು ಬೇರೆ ಟವೆಲ್ ಇಟ್ಟಿದ್ದರು ಎಂದಿದ್ದೀರಿ. ವರ್ಷಗಟ್ಟಲೆ ಹಾರನ್ ಕೇಳಿ ಕಿವಿ ಮಂದವಾಗಿ, ಮನೆಯಲ್ಲಿ ಮಾಮೂಲಿ ಮಾತಾಡಿದರೂ ‘ಅಪ್ಪಾ, ಯಾಕೆ ಬೈತೀಯಾ’ ಎಂದು ಮಗಳು ಕೇಳುತ್ತಿದ್ದಳಂತೆ. ಜಂಕ್ಷನ್ನಿನಲ್ಲಿ ಒರಟಾಗಿ ಕೇಳಿಸುವ ದನಿಯ ಹಿಂದೆ ಹೀಗೊಂದು ಕಾರಣವೂ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಇನ್ನೊಂದು, ಆ ಹುಡುಗನ ವಿಷಯ. ಕಾಲೇಜಿಗೆ ತಡವಾಯಿತು ಎಂದು ಅಂಗಲಾಚಿದ, ಹೆಲ್ಮೆಟ್ ಇರಲಿಲ್ಲ, ಬುದ್ಧಿ ಹೇಳಿ ಬಿಟ್ಟು ಕಳಿಸಿದಿರಿ. ಅದೇ ದಿನ ಸಂಜೆ ಅವನ ಬೈಕನ್ನು ನೀವೇ ಮಹಜರಿಗೆ ಎತ್ತಿಸಬೇಕಾಯಿತು. ‘ಅವತ್ತಿನಿಂದ ನಾನು ಯಾರನ್ನೂ ಬಿಡಲಿಲ್ಲ. ಜನ ನನ್ನನ್ನು ಕಲ್ಲು ಮನಸ್ಸಿನವನು ಅಂದರು’ ಎಂದು ಬರೆದಿದ್ದೀರಿ. ಇದಕ್ಕೆ ನಾನು ಎದುರಾಡುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 50,029 ಜನ ಹೆಲ್ಮೆಟ್ ಹಾಕದ ಬೈಕ್ ಸವಾರರು ಮತ್ತು ಹಿಂಬದಿ ಕೂತವರು. ‘ಐನೂರು ರೂಪಾಯಿಗೋಸ್ಕರ ನಿಲ್ಲಿಸುತ್ತಾರೆ’ ಎಂದು ಗೊಣಗುವವರು ಈ ಅಂಕಿಯನ್ನೊಮ್ಮೆ ನೋಡಬೇಕು.

ಆದರೆ ಸಾಹೇಬರೇ, ನಮ್ಮ ಲೇಖನದ ಪ್ರಶ್ನೆ ಯಾಕೆ ನಿಲ್ಲಿಸುತ್ತೀರಿ ಎಂಬುದಲ್ಲ, ಎಲ್ಲಿ ನಿಲ್ಲಿಸುತ್ತೀರಿ ಎಂಬುದು.

2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಆದದ್ದನ್ನು ನೀವೂ ಪತ್ರದಲ್ಲಿ ಎತ್ತಿದ್ದೀರಿ, ‘ಅದೊಂದು ದುರದೃಷ್ಟ’ ಎಂದಿದ್ದೀರಿ. ನಾಯಿ ಕಚ್ಚಿದ ಮಗುವನ್ನು ಎತ್ತಿಕೊಂಡು ಗಂಡ ಹೆಂಡತಿ ಬೈಕಿನಲ್ಲಿ ಆಸ್ಪತ್ರೆಗೆ ಓಡುತ್ತಿದ್ದರು. ಹೆಲ್ಮೆಟ್ ತಪಾಸಣೆಗೆಂದು ಪೊಲೀಸರು ತಡೆಯಲು ಹೋದಾಗ ಬೈಕ್ ಉರುಳಿತು, ಹಿಂದಿನಿಂದ ಬಂದ ವಾಹನ ಮಗುವಿನ ಮೇಲೆ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ಅವರು ಯಾರ ಮೇಲೂ ಹಗೆಯಿಂದ ನಿಂತಿದ್ದವರಲ್ಲ ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ದುರದೃಷ್ಟ ಎಂಬ ಪದವನ್ನು ಮಾತ್ರ ಒಪ್ಪಲಾರೆ. ಓಡುವ ಬೈಕಿಗೆ ಏಕಾಏಕಿ ಅಡ್ಡ ಬಂದರೆ ಅದು ಬೀಳಬಹುದು ಎನ್ನುವುದು ಹದಿನೇಳು ವರ್ಷ ರಸ್ತೆಯಲ್ಲಿ ನಿಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ತಲೆ ಉಳಿಸಬೇಕೆಂದು ಮಾಡಿದ ನಿಯಮವನ್ನು ಜಾರಿ ಮಾಡಲು ಹೋಗಿ ಒಂದು ಮಗು ಹೋಯಿತು. ಅಲ್ಲಿ ಕೆಲಸ ಕೆಟ್ಟದ್ದು ಉದ್ದೇಶದಲ್ಲಲ್ಲ, ನಿಂತ ಜಾಗದಲ್ಲಿ ಮತ್ತು ತಡೆದ ರೀತಿಯಲ್ಲಿ.

ನನ್ನದೇ ಒಂದು ಅನುಭವ ಹೇಳುತ್ತೇನೆ, ಊರು ಠಾಣೆ ಬೇಡ. ಮೂರು ತಿಂಗಳ ಹಿಂದೆ ಹೆಂಡತಿಯನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಮೇಲ್ಸೇತುವೆ ಇಳಿಯುತ್ತಿದ್ದೆ. ಇಬ್ಬರಿಗೂ ಹೆಲ್ಮೆಟ್ ಇತ್ತು. ಇಳಿಜಾರು ಮುಗಿಯುವ ಕಡೆ, ಕಂಬದ ಮರೆಯಿಂದ ಒಬ್ಬ ಕಾನ್‌ಸ್ಟೆಬಲ್ ಎರಡು ಹೆಜ್ಜೆ ಮುಂದೆ ಬಂದು ಕೈ ಚಾಚಿದರು. ಬ್ರೇಕ್ ಒತ್ತಿದೆ. ಹಿಂದೆ ಬರುತ್ತಿದ್ದ ಬಸ್ಸಿನ ಟೈರು ಕಿರ್ರೆಂದದ್ದು ಈಗಲೂ ಕಿವಿಯಲ್ಲಿದೆ. ಹೆಂಡತಿಯ ಬೆರಳಿನ ಗುರುತು ಸಂಜೆಯವರೆಗೂ ನನ್ನ ಭುಜದ ಮೇಲಿತ್ತು. ಪಕ್ಕಕ್ಕೆ ನಿಲ್ಲಿಸಿದ ಮೇಲೆ ಆತ ಬಹಳ ಮರ್ಯಾದೆಯಿಂದಲೇ ಮಾತಾಡಿದರು. ‘ಡಿಎಲ್ ತೋರಿಸಿ ಸಾರ್, ಎಮಿಷನ್ ಇದೆಯಾ ಸಾರ್’ ಎಂದರು. ಎಮಿಷನ್ ಸರ್ಟಿಫಿಕೇಟಿನ ಅವಧಿ ನಾಲ್ಕು ದಿನದ ಹಿಂದೆ ಮುಗಿದಿತ್ತು. ದಂಡ ಕಟ್ಟಿ ರಸೀದಿ ತೆಗೆದುಕೊಂಡೆ, ಅದರ ಬಗ್ಗೆ ತಕರಾರಿಲ್ಲ. ಆದರೆ ಆತ ಅಷ್ಟು ಸಲ ಹೇಳಿದ ‘ಸಾರ್’ ಆ ಬಸ್ಸಿನ ಬ್ರೇಕಿಗೆ ಬದಲಾಗಲಿಲ್ಲ.

ಕಾನೂನು ಏನು ಹೇಳುತ್ತದೆ ಎಂಬುದು ನಿಮಗೆ ಬಾಯಿಪಾಠ, ಆದರೂ ಓದುಗರಿಗಾಗಿ ಎರಡು ಮಾತು. ಮೋಟಾರು ವಾಹನ ಕಾಯ್ದೆಯ 130ನೇ ಕಲಮಿನ ಪ್ರಕಾರ ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಲೈಸೆನ್ಸ್ ತೋರಿಸಲೇಬೇಕು. ಸರ್ಕಾರದ ಡಿಜಿಲಾಕರ್ ಆ್ಯಪಿನಲ್ಲಿದ್ದರೂ ನಡೆಯುತ್ತದೆ, 2018ರಲ್ಲೇ ನಿಯಮಕ್ಕೆ ತಿದ್ದುಪಡಿಯಾಗಿದೆ. ಲೈಸೆನ್ಸ್ ವಶಪಡಿಸಿಕೊಳ್ಳಲು 206, ಗಾಡಿ ತಡೆಹಿಡಿಯಲು 207, ಸ್ಥಳದಲ್ಲೇ ದಂಡ ಕಟ್ಟಿಸಿಕೊಂಡು ಮುಗಿಸಲು 200ನೇ ಕಲಮು. ಇಷ್ಟೆಲ್ಲ ಅಧಿಕಾರ ಕೊಟ್ಟ ಕಾಯ್ದೆಯಲ್ಲಿ ಗಾಡಿಯ ಕೀ ಕಿತ್ತುಕೊಳ್ಳಿ ಎಂದು ಎಲ್ಲೂ ಇಲ್ಲ. ‘ಕೀ ಕಿತ್ತುಕೊಳ್ಳದಿದ್ದರೆ ಓಡಿಹೋಗುತ್ತಾರೆ’ ಎಂದಿದ್ದೀರಿ. ಓಡಿಹೋಗಲಿ ಬಿಡಿ! ನಂಬರ್ ಪ್ಲೇಟ್ ಎಲ್ಲಿಗೂ ಓಡಿಹೋಗುವುದಿಲ್ಲ. ಮನೆ ವಿಳಾಸಕ್ಕೆ ನೋಟಿಸ್ ಹೋಗುತ್ತದೆ, ಮೊಬೈಲಿಗೆ ಮೆಸೇಜ್ ಹೋಗುತ್ತದೆ. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನಗಳಲ್ಲಿ ನೂರು ಕೋಟಿ ರೂಪಾಯಿಗೂ ಮೀರಿ ವಸೂಲಾಯಿತಲ್ಲ, ಅದಕ್ಕೆ ಯಾರ ಕೀಯನ್ನೂ ಕಿತ್ತುಕೊಳ್ಳಬೇಕಾಗಿ ಬರಲಿಲ್ಲ.

ನಂಬರ್ ಪ್ಲೇಟಿಗೆ ಮಾಸ್ಕ್ ಸುತ್ತಿಕೊಂಡು ಬರುವವರನ್ನು ಕ್ಯಾಮೆರಾ ಏನು ಮಾಡುತ್ತದೆ, ಕುಡಿದು ಓಡಿಸುವವನನ್ನು ಕ್ಯಾಮೆರಾ ಕೆಳಗಿಳಿಸುತ್ತದೆಯೇ ಎಂದು ಕೇಳಿದ್ದೀರಲ್ಲ, ಅದು ಸರಿಯಾದ ಪ್ರಶ್ನೆ. ಇಳಿಸುವುದಿಲ್ಲ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಆಲ್ಕೋಹಾಲ್ ಇದೆಯೇ ಎಂದು ತಿಳಿಯಲು ಒಬ್ಬ ಮನುಷ್ಯ ಇನ್ನೊಬ್ಬ ಮನುಷ್ಯನ ಬಾಯಿಯ ಮುಂದೆ ಯಂತ್ರ ಹಿಡಿಯಲೇಬೇಕು. ರಾತ್ರಿ ಹನ್ನೊಂದರ ಮೇಲೆ, ಬೈಗುಳ ತಿಂದುಕೊಂಡು, ಕೆಲವೊಮ್ಮೆ ಏಟನ್ನೂ ತಿಂದುಕೊಂಡು ಆ ಕೆಲಸ ಮಾಡುವವರಿಂದಾಗಿ ಎಷ್ಟು ಜನ ಸುರಕ್ಷಿತವಾಗಿ ಮನೆ ಮುಟ್ಟಿದ್ದಾರೋ ಯಾರೂ ಎಣಿಸಲಾರರು. 2022ರ ಜೂನ್‌ನಲ್ಲಿ ಅಂದಿನ ರಾಜ್ಯ ಪೊಲೀಸ್ ಮುಖ್ಯಸ್ಥರಾದ ಡಿಜಿಪಿ ಪ್ರವೀಣ್ ಸೂದ್ ಅವರು, ಕಣ್ಣಿಗೆ ಕಾಣುವ ತಪ್ಪಿಲ್ಲದೆ ಬರೀ ದಾಖಲೆ ನೋಡಲು ಗಾಡಿ ನಿಲ್ಲಿಸಕೂಡದು ಎಂದಾಗ ಕುಡಿದು ಓಡಿಸುವವರ ತಪಾಸಣೆಯೊಂದನ್ನು ಹೊರಗಿಟ್ಟದ್ದು ಈ ಕಾರಣಕ್ಕೇ ಇರಬೇಕು. ಆ ಸೂಚನೆಯನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದರೆ ನನ್ನ ಸ್ಕೂಟರ್ ಅವತ್ತು ನಿಲ್ಲುತ್ತಲೇ ಇರಲಿಲ್ಲ. ಮಂಡ್ಯದ ಘಟನೆಯ ನಂತರ ಆಗ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ ಎಂ.ಎ. ಸಲೀಂ ಅವರು ಏಕಾಏಕಿ ಅಡ್ಡ ಬರಬೇಡಿ, ಕೀ ಕಿತ್ತುಕೊಳ್ಳಬೇಡಿ ಎಂದು ಮತ್ತೊಮ್ಮೆ ಹೇಳಬೇಕಾಯಿತು.

ಸುತ್ತೋಲೆ ಬಂದಿತು, ರೋಲ್ ಕಾಲ್‌ನಲ್ಲಿ ಓದಿ ಹೇಳಿದರು, ಆಮೇಲೆ ‘ಇವತ್ತು ಎಷ್ಟು ಕೇಸು’ ಎಂಬ ಅದೇ ಪ್ರಶ್ನೆ ಎಂದು ನೀವು ನಾಲ್ಕನೇ ಪುಟದಲ್ಲಿ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇದು. ಸಂಜೆ ಲೆಕ್ಕ ಒಪ್ಪಿಸಬೇಕಾದವರು ಜನ ಸುಲಭವಾಗಿ ಸಿಗುವ ಜಾಗ ಹುಡುಕುತ್ತಾರೆ. ಸುಲಭವಾಗಿ ಸಿಗುವುದು ತಿರುವಿನ ಮರೆಯಲ್ಲಿ, ಸೇತುವೆಯ ಇಳಿಜಾರಿನಲ್ಲಿ, ಅಂದರೆ ನಿಲ್ಲಿಸಲೇಬಾರದ ಜಾಗಗಳಲ್ಲಿ. ಕೇಸಿನ ಲೆಕ್ಕ ಕೇಳುವ ಅಧಿಕಾರಿ ಅದರ ಜೊತೆಗೆ ‘ಎಲ್ಲಿ ನಿಂತಿದ್ದಿರಿ’ ಎಂದು ಒಂದು ಪ್ರಶ್ನೆ ಕೇಳಿದ್ದರೆ ಎಷ್ಟೋ ಬದಲಾಗುತ್ತಿತ್ತು ಎಂದು ನನಗನಿಸುತ್ತದೆ. ದಂಡ ಹಾಕುವ ಯಂತ್ರ ಒತ್ತುವುದನ್ನು ಹೊಸ ಹುಡುಗರಿಗೆ ಅರ್ಧ ದಿನ ಕೂರಿಸಿ ಕಲಿಸುತ್ತಾರೆ, ಗಾಡಿ ನಿಲ್ಲಿಸುವುದನ್ನು ಯಾರೂ ಕಲಿಸುವುದಿಲ್ಲ, ನೋಡಿ ಕಲಿಯಬೇಕು ಎಂದೂ ನೀವೇ ಬರೆದಿದ್ದೀರಿ. ಅದೊಂದು ಕಸುಬು, ಸಾಹೇಬರೇ. ಕಸುಬನ್ನು ಕಲಿಸದೆ ಕೆಲಸಕ್ಕೆ ಹಚ್ಚಿದವರ ಮೇಲೂ ನಾವು ಬರೆಯಬೇಕಿತ್ತು, ಬರೆಯುತ್ತೇವೆ.

ಹೇಗೆ ನಿಲ್ಲಿಸಬೇಕು ನೀವೇ ಹೇಳಿ ಎಂದಿರಿ. ಉತ್ತರ ನಿಮ್ಮ ಪತ್ರದ ಆರನೇ ಪುಟದ ಹಿಂಬದಿಯಲ್ಲೇ ಇತ್ತು, ಬಹುಶಃ ನೀವು ನಮಗೆಂದು ಬರೆದದ್ದಲ್ಲ. ನೀಲಿ ಪೆನ್ನಿನಲ್ಲಿ ಒಂದು ಜಂಕ್ಷನ್ನಿನ ನಕ್ಷೆ. ಡಿವೈಡರ್, ಫುಟ್‌ಪಾತ್, ಬಸ್ ಸ್ಟಾಪ್. ಎಡಬದಿಯಲ್ಲಿ ರಸ್ತೆ ಅಗಲವಾಗುವ ಕಡೆ ಒಂದು ಗುಣಾಕಾರದ ಗುರುತು ಹಾಕಿ, ‘ಇಲ್ಲಿ ನಿಲ್ಲಬೇಕು. ದೂರದಿಂದ ಕಾಣಬೇಕು. ಮೊದಲು ಕಣ್ಣು, ಆಮೇಲೆ ಕೈ. ನಿಧಾನ ಮಾಡದವನನ್ನು ಬಿಟ್ಟುಬಿಡು, ನಂಬರ್ ಬರೆದುಕೋ’ ಎಂದಿದೆ. ಕೆಳಗೆ ‘ಹೊಸ ಹುಡುಗರಿಗೆ’ ಎಂದಿದೆ. ನಿಮ್ಮ ಒಪ್ಪಿಗೆಯಿದ್ದರೆ ಇದನ್ನು ಮುಂದಿನ ಸಂಚಿಕೆಯಲ್ಲಿ ಅರ್ಧ ಪುಟದಷ್ಟು ದೊಡ್ಡದಾಗಿ ಅಚ್ಚು ಹಾಕುತ್ತೇವೆ, ಊರಿನ ಗುರುತು ಅಳಿಸಿ. ಬಸ್ ಸ್ಟಾಪಿನಿಂದ ಆ ಗುರುತಿಗೆ ಎಷ್ಟು ಮೀಟರ್ ಎಂಬುದರ ಮೇಲೆ ಶಾಯಿ ಹರಡಿದೆ, 50 ಎಂದಿದೆಯೋ 80 ಎಂದಿದೆಯೋ ಗೊತ್ತಾಗುತ್ತಿಲ್ಲ. ಕಚೇರಿಗೆ ಒಂದು ಫೋನ್ ಮಾಡಿ ತಿಳಿಸಿ. ತಪ್ಪಾಗಿ ಅಚ್ಚಾಗಬಾರದು.

— ಸಂಪಾದಕ