ಪೊಮೇರಿಯನ್ ಹೆಣ್ಣುನಾಯಿಗೆ ಲ್ಯಾಬ್ರಡಾರ್ ಜೊತೆ ಕ್ರಾಸ್ ಮಾಡಿಸಬಹುದಾ?

ದಯವಿಟ್ಟು ಮಾಡಿಸಬೇಡಿ.

ನೀವು ಪುಣೆಯವರು, ನಿಮ್ಮದು 2 ವರ್ಷದ, 5 ಕೆಜಿಯ ಪೊಮೇರಿಯನ್ ಹೆಣ್ಣು. ಪಕ್ಕದ ಬಿಲ್ಡಿಂಗ್‌ನವರ ಲ್ಯಾಬ್ರಡಾರ್ 30 ಕೆಜಿ ಮೇಲಿದೆ. ಮರಿಗಳು ಮುದ್ದಾಗಿರುತ್ತವೆ, ಹೆಣ್ಣುನಾಯಿ ಒಂದು ಸಲ ಮರಿ ಹಾಕಿದರೆ ಅದರ ಆರೋಗ್ಯಕ್ಕೂ ಒಳ್ಳೆಯದು ಅಂತ ಅವರು ಹೇಳುತ್ತಿದ್ದಾರೆ, ಏನಾದರೂ ಅಪಾಯ ಇದೆಯಾ ಅಂತ ಕೇಳಿದ್ದೀರಿ. ಇದೆ. ನಾನು ಡಾಕ್ಟರ್ ಅಲ್ಲ. ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಇರುವವಳು. ಇದು ನಮ್ಮ ಮನೆಯಲ್ಲೇ ಆಗಿಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಚಿನ್ನಿಯೂ ಪೊಮೇರಿಯನ್, ಐದೂವರೆ ಕೆಜಿ. ನಾವು ಬೇಕು ಅಂತ ಮಾಡಿಸಿದ್ದಲ್ಲ, ನಮ್ಮ ಸೊಸೈಟಿಯದೇ ಒಂದು ಲ್ಯಾಬ್ ಜೊತೆ ಆಗಿಹೋಯಿತು. ಗಬ್ಬ ನಿಂತಿದೆ ಅಂತ ಗೊತ್ತಾದಾಗ ಮನೆಯವರೆಲ್ಲ ಖುಷಿಪಟ್ಟೆವು. ಹೊಟ್ಟೆ ಅಷ್ಟೇನೂ ದೊಡ್ಡದಾಗಿರಲಿಲ್ಲ. ಮರಿ ಕಡಿಮೆ ಇರಬೇಕು, ಹಾಗಾದರೆ ಸುಲಭ ಅಂದುಕೊಂಡೆವು. ನಾವು ತಪ್ಪಿದ್ದೇ ಅಲ್ಲಿ.

ಜುಲೈ ತಿಂಗಳು. ರಾತ್ರಿ 11ರ ಹೊತ್ತಿಗೆ ನೋವು ಶುರುವಾಯಿತು. ಮಂಚದ ಪಕ್ಕ ಅಮ್ಮನ ಹಳೆಯ ಸೀರೆ ಹಾಸಿದ್ದೆ. ಚಿನ್ನಿ ಅದನ್ನು ಕೆರೆದು ಕೆರೆದು ಮುದ್ದೆ ಮಾಡಿ, ಅದರ ಮೇಲೆ ಕೂತು ತಿಣುಕುತ್ತಿತ್ತು. ತಿಣುಕಿದಾಗೆಲ್ಲ ಬೆನ್ನು ಬಾಗಿ, ಬಾಲ ಒಂದು ಪಕ್ಕಕ್ಕೆ ಸೆಟೆದುಕೊಳ್ಳುತ್ತಿತ್ತು. ಏನೂ ಬರಲಿಲ್ಲ. 12 ಆಯಿತು, 1 ಆಯಿತು. ಆಮೇಲೆ ಸೀರೆಯ ಮೇಲೆ ಕಡು ಹಸಿರು ನೀರು ಕಂಡಿತು. ಅದೇನು ಅಂತ ನಮಗೆ ಗೊತ್ತಿರಲಿಲ್ಲ. ಮಾಸು ಗರ್ಭದ ಗೋಡೆಯಿಂದ ಬಿಟ್ಟುಕೊಂಡಾಗ ಆ ಹಸಿರು ಬರುತ್ತದೆ. ಒಂದು ಮರಿ ಹುಟ್ಟಿದ ಮೇಲೆ ಬಂದರೆ ಸಹಜ. ಮೊದಲ ಮರಿಗೂ ಮುಂಚೆ ಬಂದರೆ ಒಳಗೆ ಮರಿಗೆ ಉಸಿರು ಕಟ್ಟುತ್ತಿದೆ ಅಂತ ಅರ್ಥ. ಆಗ ಕಾಯಲೇಬಾರದು. ನಾವು ಕಾದೆವು. ಗೊತ್ತಿದ್ದ ಕ್ಲಿನಿಕ್‌ಗಳಲ್ಲಿ ಯಾರೂ ಫೋನ್ ಎತ್ತಲಿಲ್ಲ. ನಾಯಿ ಅಂದ ಕೂಡಲೇ ಇಬ್ಬರು ಟ್ಯಾಕ್ಸಿಯವರು ಬರಲ್ಲ ಅಂದರು. ಹೊರಗೆ ಮಳೆ ಬೇರೆ.

ಬೆಳಗ್ಗೆ ಒಬ್ಬ ರಿಕ್ಷಾದವರು ಕರುಣೆಯಿಂದ ಠಾಣೆ ಊರಿನ ಪ್ರಾಣಿಗಳ ಆಸ್ಪತ್ರೆ ತನಕ ಬಂದರು. ಸಿಸೇರಿಯನ್ ಆಯಿತು. ಒಂದೇ ಮರಿ. ಕಪ್ಪು ಬಣ್ಣ, ಅಗಲ ತಲೆ, ನನ್ನ ಅಂಗೈಯಿಂದ ಆಚೆ ಚಾಚುವಷ್ಟು ಉದ್ದ. ತಕ್ಕಡಿ 290 ಗ್ರಾಂ ತೋರಿಸಿತು. ಪೊಮೇರಿಯನ್ ಮರಿ ಹುಟ್ಟುವಾಗ ಅದರ ಅರ್ಧದಷ್ಟಿದ್ದರೆ ಹೆಚ್ಚು. ಜೀವ ಇರಲಿಲ್ಲ. ತಲೆ ಸೊಂಟದ ಮೂಳೆಯ ಹತ್ತಿರವೇ ಸಿಕ್ಕಿಕೊಂಡಿತ್ತು. ಚಿನ್ನಿ ಉಳಿಯಿತು. ಮನೆಗೆ ಬಂದ ಮೇಲೆ ಮೂರು ದಿನ ಆ ಸೀರೆ ಹಾಸಿದ್ದ ಜಾಗವನ್ನೇ ಮೂಸುತ್ತಿತ್ತು.

ನಿಮಗೆ ಯಾರಾದರೂ ಹೇಳಬಹುದು: ಮರಿ ತಾಯಿಯ ಹೊಟ್ಟೆಗೆ ತಕ್ಕಷ್ಟೇ ಬೆಳೆಯುತ್ತದೆ, ಹೆದರಬೇಡಿ ಅಂತ. ಇದು ಪೂರ್ತಿ ಸುಳ್ಳಲ್ಲ. 1938ರಲ್ಲಿ ಕೇಂಬ್ರಿಜ್‌ನ ವಾಲ್ಟನ್ ಮತ್ತು ಹ್ಯಾಮಂಡ್ ಅನ್ನುವ ವಿಜ್ಞಾನಿಗಳು ಶೈರ್ ಅನ್ನುವ ದೈತ್ಯ ಕುದುರೆಗೂ ಶೆಟ್‌ಲ್ಯಾಂಡ್ ಅನ್ನುವ ಪುಟ್ಟ ಕುದುರೆಗೂ ಕ್ರಾಸ್ ಮಾಡಿಸಿ ನೋಡಿದ್ದರು. ಪುಟ್ಟ ತಾಯಿಗೆ ಪುಟ್ಟ ಮರಿಯೇ ಹುಟ್ಟಿತು. ದೊಡ್ಡ ತಾಯಿಗೆ ಹುಟ್ಟಿದ ಮರಿ ಸುಮಾರು ಮೂರು ಪಟ್ಟು ತೂಗಿತು. ಅಂದರೆ ಗರ್ಭ ಅಳತೆ ಕಟ್ಟುವುದು ನಿಜ. ಆದರೆ ಕುದುರೆಗೆ ಸಾಮಾನ್ಯವಾಗಿ ಒಂದೇ ಮರಿ. ನಾಯಿಯ ಹೊಟ್ಟೆಯಲ್ಲಿ ಐದಾರು ಮರಿ ಇದ್ದರೆ ಅವು ಜಾಗ ಹಂಚಿಕೊಂಡು ಸಣ್ಣದಾಗಿರುತ್ತವೆ. ಸಣ್ಣ ತಳಿಗಳಲ್ಲಿ ಮರಿಗಳೇ ಕಡಿಮೆ. ಒಂದೋ ಎರಡೋ ಇದ್ದಾಗ ಅಷ್ಟೂ ಜಾಗ, ಅಷ್ಟೂ ಆಹಾರ ಅವಕ್ಕೇ. ಜೊತೆಗೆ ಅಪ್ಪನ ಕಡೆಯಿಂದ ದೊಡ್ಡ ಮೈಕಟ್ಟು ಬಂದರೆ? ಮೈ ಹೇಗೋ ಜಾರೀತು, ತಲೆ ಮತ್ತು ಭುಜ ಜಾರುವುದಿಲ್ಲ. ಸೊಂಟದ ಮೂಳೆ ಹಿಗ್ಗುವ ವಸ್ತುವಲ್ಲ ಅಲ್ವಾ?

ನಮ್ಮ ಅಜ್ಜ ಸಾಗರದ ಕಡೆಯವರು. ಮಲೆನಾಡು ಗಿಡ್ಡ ದನಕ್ಕೆ, ಅದೂ ಮೊದಲ ಸಲಕ್ಕೆ, ಎಚ್‌ಎಫ್ ಅನ್ನುವ ದೊಡ್ಡ ವಿದೇಶಿ ತಳಿಯ ಹೋರಿಯ ವೀರ್ಯದ ಇಂಜೆಕ್ಷನ್ ಕೊಡಿಸಿ ಅಂತ ಯಾರಾದರೂ ಹೇಳಿದರೆ ಒಪ್ಪುತ್ತಿರಲಿಲ್ಲ. "ಕರು ಅಡ್ಡ ಸಿಕ್ಕರೆ ಎಳೆಯೋದು ಯಾರು?" ಅನ್ನುತ್ತಿದ್ದರು. ನಾಯಿ ವಿಷಯದಲ್ಲಿ ನಾನು ಅದನ್ನು ನೆನಪು ಮಾಡಿಕೊಳ್ಳಲೇ ಇಲ್ಲ.

ಹೆರಿಗೆಗೂ ಮೊದಲೇ ಒಂದು ಅಪಾಯ ಇದೆ. 30 ಕೆಜಿಯ ನಾಯಿ 5 ಕೆಜಿಯದರ ಮೇಲೆ ಏರಿದರೆ ಬೆನ್ನಿಗೆ, ಹಿಂಗಾಲಿಗೆ ಪೆಟ್ಟಾಗಬಹುದು. ಕೂಡಿದ ಮೇಲೆ ನಾಯಿಗಳು ಹತ್ತಿಪ್ಪತ್ತು ನಿಮಿಷ ಅಂಟಿಕೊಂಡೇ ಇರುತ್ತವೆ. ಆಗ ಗಾಬರಿಯಾಗಿ ಎಳೆದರೆ ಎರಡಕ್ಕೂ ಒಳಗಾಯ ಆಗುತ್ತದೆ. ಹೆರಿಗೆ ಆದ ಮೇಲೂ ಮುಗಿಯುವುದಿಲ್ಲ. ಬೇಗ ಬೇಗ ಬೆಳೆಯುವ ಮರಿಗಳು ಹಾಲು ಜಾಸ್ತಿ ಕುಡಿಯುತ್ತವೆ, ಸಣ್ಣ ತಾಯಿಯ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದುಬಿಡುತ್ತದೆ. ದನಕ್ಕೆ ಹಾಲು ಜ್ವರ ಬರುತ್ತದಲ್ಲ, ಹೆಚ್ಚುಕಡಿಮೆ ಅದೇ. ನಡುಕ, ಕಾಲು ಸೆಟೆಯುವುದು, ಜೋರು ಏದುಸಿರು. ತಕ್ಷಣ ಡಾಕ್ಟರ ಹತ್ತಿರ ಓಡಬೇಕು. ಹಾಗಂತ ಗಬ್ಬದಲ್ಲಿರುವಾಗಲೇ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ಕೊಡಬೇಡಿ. ಮೈ ತನ್ನದೇ ಕ್ಯಾಲ್ಸಿಯಂ ಹೊಂದಿಸಿಕೊಳ್ಳುವ ಅಭ್ಯಾಸ ಬಿಡುತ್ತದೆ, ಆಮೇಲೆ ತೊಂದರೆ ಇನ್ನೂ ಜಾಸ್ತಿ.

ತಾಯಿ ದೊಡ್ಡದು, ತಂದೆ ಸಣ್ಣದು ಆದರೆ ಹೆರಿಗೆಯ ಭಯ ಬಹಳ ಕಡಿಮೆ. ಆದರೂ ಲ್ಯಾಬ್‌ನ ಸೊಂಟದ ಕೀಲಿನ ದೋಷ, ಪೊಮೇರಿಯನ್‌ನ ಮಂಡಿಚಿಪ್ಪು ಜಾರುವ ತೊಂದರೆ ಎರಡೂ ಒಂದೇ ಮರಿಗೆ ಬರಬಹುದು. ಕ್ರಾಸ್ ಅಂದ ಮಾತ್ರಕ್ಕೆ ಗಟ್ಟಿ ಅಂತ ನಂಬಬೇಡಿ.

ಇನ್ನು ಆ "ಒಂದು ಸಲ ಮರಿ ಹಾಕಿದರೆ ಒಳ್ಳೆಯದು" ಅನ್ನುವ ಮಾತು. ಇದನ್ನು ಕೇಳಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಮರಿ ಹಾಕುವುದರಿಂದ ಹೆಣ್ಣುನಾಯಿಗೆ ಯಾವ ಆರೋಗ್ಯವೂ ಬರುವುದಿಲ್ಲ. ಮರಿಯಾಗದ ಹಾಗೆ ಗರ್ಭಕೋಶ ತೆಗೆಯುವ ಆಪರೇಷನ್ ಮಾಡಿಸಿದರೆ ಅದರಲ್ಲಿ ಕೀವು ತುಂಬುವ ಪಯೋಮೆಟ್ರಾ ಅನ್ನುವ ಕಾಯಿಲೆಯ ಭಯ ತಪ್ಪುತ್ತದೆ. ಚಿಕ್ಕ ವಯಸ್ಸಿನಲ್ಲೇ ಮಾಡಿಸಿದರೆ ಮೊಲೆಯ ಗಡ್ಡೆಯೂ ಕಡಿಮೆ. ಬೆದೆ ಮುಗಿದು ಎರಡು ಮೂರು ತಿಂಗಳ ನಂತರ ಮಾಡಿಸುವುದು ವಾಡಿಕೆ. ಚಿನ್ನಿಗೆ ಸಿಸೇರಿಯನ್ ಜೊತೆಗೇ ಮಾಡಿಸಿದೆವು. ಮರಿ ಮಾರುವ ಯೋಚನೆ ಆ ಪಕ್ಕದ ಬಿಲ್ಡಿಂಗ್‌ನವರಿಗಿದ್ದರೆ, 2017ರ ಕೇಂದ್ರದ ನಿಯಮದಂತೆ ಬ್ರೀಡಿಂಗ್ ಮಾಡುವವರು ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು ಅಂತಲೂ ಹೇಳಿ.

ಒಂದು ವೇಳೆ ಈಗಾಗಲೇ ಕೂಡಿಬಿಟ್ಟಿದ್ದರೆ ಮುಚ್ಚಿಡಬೇಡಿ, ಆ ವಾರವೇ ಡಾಕ್ಟರಿಗೆ ತೋರಿಸಿ. ಗಬ್ಬ ನಿಂತಿದ್ದರೂ ಶುರುವಿನಲ್ಲೇ ಅದೇ ಗರ್ಭಕೋಶದ ಆಪರೇಷನ್ ಮಾಡಬಹುದು. ಹಳೆಯ ಕಾಲದ ಈಸ್ಟ್ರೋಜನ್ ಇಂಜೆಕ್ಷನ್ ಮಾತ್ರ ಬೇಡ, ಅದರಿಂದ ಕೀವಿನ ಕಾಯಿಲೆ ಬರಬಹುದು, ಮೂಳೆಯ ಮಜ್ಜೆಗೂ ಪೆಟ್ಟು. ಉಳಿಸಿಕೊಳ್ಳುವುದಾದರೆ ನಾಲ್ಕನೇ ವಾರದ ಹೊತ್ತಿಗೆ ಸೋನೋಗ್ರಫಿ ಮಾಡಿಸಿ. 55 ದಿನ ದಾಟಿದ ಮೇಲೆ ಎಕ್ಸ್‌ರೇ ತೆಗೆಸಲೇಬೇಕು. ಎಷ್ಟು ಮರಿ, ತಲೆ ಎಷ್ಟು ದೊಡ್ಡದು, ಸೊಂಟದಲ್ಲಿ ತೂರುತ್ತದಾ ಅನ್ನುವುದೆಲ್ಲ ಅದರಲ್ಲಿ ಕಾಣುತ್ತದೆ. ನಾವು ಆ ಎಕ್ಸ್‌ರೇ ತೆಗೆಸಿದ್ದರೆ ದಿನ ನೋಡಿ ಸಿಸೇರಿಯನ್ ಮಾಡಿಸಿ ಮರಿಯನ್ನೂ ಉಳಿಸಿಕೊಳ್ಳಬಹುದಿತ್ತು. ಸುಮಾರು 63 ದಿನಕ್ಕೆ ಹೆರಿಗೆ. ಕೊನೆಯ ವಾರ ದಿನಕ್ಕೆರಡು ಸಲ ಜ್ವರ ನೋಡಿ. 99 ಡಿಗ್ರಿಗಿಂತ ಇಳಿದರೆ ಸಾಮಾನ್ಯವಾಗಿ ಒಂದು ದಿನದೊಳಗೆ ನೋವು ಶುರು. ಜೋರಾಗಿ ತಿಣುಕಿ ಅರ್ಧ ಗಂಟೆಯಾದರೂ ಮರಿ ಬರದಿದ್ದರೆ, ಅಥವಾ ಒಂದು ಮರಿಯಾಗಿ ಎರಡು ಗಂಟೆ ಸುಮ್ಮನಾದರೆ, ಹೊರಡಿ. ರಾತ್ರಿ ಆಪರೇಷನ್ ಮಾಡುವ ಇಬ್ಬರು ಡಾಕ್ಟರು, ನಾಯಿ ಹತ್ತಿಸಿಕೊಳ್ಳುವ ಒಬ್ಬ ಡ್ರೈವರ್, ಇವರ ನಂಬರ್ ಮೊದಲೇ ಬರೆದಿಟ್ಟುಕೊಳ್ಳಿ.

ಕೂಡಿಲ್ಲ ಅಂದರೆ ಮುಂದಿನ ಬೆದೆಯಲ್ಲಿ ಪೂರ್ತಿ ಮೂರು ವಾರ ಗಂಡುನಾಯಿ ಹತ್ತಿರ ಬಾರದ ಹಾಗೆ ಕಾಯಿರಿ. ರಕ್ತ ತಿಳಿಯಾದ ಕೂಡಲೇ ಮುಗಿಯಿತು ಅಂದುಕೊಳ್ಳುತ್ತೇವೆ, ನಿಜವಾಗಿ ಗಬ್ಬ ಕಟ್ಟುವ ದಿನಗಳು ಶುರುವಾಗುವುದೇ ಆಗ. ಚಿನ್ನಿಗೆ ಹನ್ನೊಂದನೇ ದಿನ ರಕ್ತ ನಿಂತಂತೆ ಕಂಡಿತು. ಹಪ್ಪಳ ಒಣಗಿಸಲು ಟೆರೇಸ್‌ಗೆ ಹೋದಾಗ ಜೊತೆಗೆ ಬಿಟ್ಟುಕೊಂಡು ಹೋದೆ. ಬಾಗಿಲಿನ ಚಿಲಕ ಹಾಕಿರಲಿಲ್ಲ.