ನಾಯಿ ಬೆಕ್ಕು ಇರೋ ಮನೆ ಮಾರೋಕೆ ಇಟ್ಟಾಗ

ಪ್ರಶ್ನೆ: ಮೇಡಂ, ಮೈಸೂರು ಕುವೆಂಪುನಗರದಲ್ಲಿ ನಮ್ಮದು 30-40 ಸೈಟಲ್ಲಿ ಕಟ್ಟಿದ ಹಳೇ ಮನೆ, ಹಾಲಲ್ಲಿ ಮೊಸಾಯಿಕ್ ನೆಲ. ಯಜಮಾನ್ರು ರಿಟೈರ್ ಆದ್ರು, ಮಗಳ ಹತ್ರ ಬೆಂಗಳೂರಿಗೆ ಹೋಗೋಣ ಅಂತ ಮಾರೋಕೆ ಇಟ್ಟಿದೀವಿ. ಒಂದು ಲ್ಯಾಬ್ರಡಾರ್, ಒಂದು ಗಂಡು ಬೆಕ್ಕು ಇದೆ. ಮೂರು ಪಾರ್ಟಿ ಬಂದು ನೋಡ್ಕೊಂಡು ಹೋದ್ರು, ಒಬ್ರೂ ತಿರುಗಿ ಫೋನ್ ಮಾಡಿಲ್ಲ. ಬ್ರೋಕರ್ "ಒಳಗೆ ಕಾಲಿಟ್ರೆ ವಾಸ್ನೆ ಹೊಡಿಯುತ್ತೆ ಅಮ್ಮಾ, ಪೇಂಟ್ ಮಾಡಿಸಿ, ನಾಯಿ ಬೆಕ್ಕನ್ನ ಯಾರಿಗಾದ್ರೂ ಕೊಟ್ಬಿಡಿ" ಅಂತಾರೆ. ನಮಗಂತೂ ಏನೂ ವಾಸ್ನೆ ಬರಲ್ಲ. ಏನ್ಮಾಡೋದು?

ಉತ್ತರ: ನಿಮಗೆ ಬರಲ್ಲ ಕಣ್ರೀ, ಅದೇ ತೊಂದರೆ. ದಿನಾ ಇರೋ ವಾಸ್ನೆಯನ್ನ ಮೂಗು ಲೆಕ್ಕಕ್ಕೇ ತಗೊಳಲ್ಲ. ಎರಡು ದಿನ ಊರಿಗೆ ಹೋಗಿ ಬಂದು ಬಾಗಿಲು ತೆಗೆದಾಗ ಮೊದಲ ಉಸಿರಿಗೆ ಏನು ಬರುತ್ತೋ ಅದೇ ಪಾರ್ಟಿಗೂ ಬರೋದು. ಇಲ್ಲಾ ಮುಖ ನೋಡದೆ ನಿಜ ಹೇಳೋ ನಾದಿನಿ ಇದ್ರೆ ಒಂದ್ಸಲ ಕಾಫಿಗೆ ಕರೀರಿ.

ಶಿವಮೊಗ್ಗದಲ್ಲಿ ನಮ್ಮಮ್ಮನ ಮನೆ ಮಾರುವಾಗ ನಾನೂ ದಡ್ಡತನ ಮಾಡಿದ್ದೆ, ಅಮ್ಮಂಗೆ ಎರಡು ಬೆಕ್ಕು, ಹತ್ತು ಗಂಟೆಗೆ ಪಾರ್ಟಿ ಬರ್ತಾರೆ ಅಂತ ಎಂಟಕ್ಕೇ ಫಿನಾಯಿಲ್ ಹಾಕಿ ಒರೆಸಿ, ಮೂಲೆಗೊಂದು ಊದಿನಕಡ್ಡಿ ಹಚ್ಚಿ, ಮೇಲೆ ಸಾಂಬ್ರಾಣಿ ಹೊಗೆ ಬೇರೆ. ಬಂದ ಯಮ್ಮ ಹೊಸ್ತಿಲಲ್ಲೇ ನಿಂತು ಸೆರಗು ಮೂಗಿಗೆ ಹಿಡ್ಕೊಂಡು "ಒಳಗೆ ಇಲಿ ಗಿಲಿ ಸತ್ತಿದ್ಯೇನ್ರೀ" ಅಂದ್ರು. ಆವತ್ತಿಂದ ವಾಸ್ನೆ ಮೇಲೆ ವಾಸ್ನೆ ಹಾಕೋದು ಬಿಟ್ಟೆ.

ನಿಮ್ಮನೇಲಿ ಅಸಲಿ ಕಳ್ಳ ಬೆಕ್ಕು, ನಾಯಿ ಅಲ್ಲ. ಬೆಕ್ಕಿನ ಉಚ್ಚೆ ಬರೀ ನೀರಲ್ಲಿ ಒರೆಸಿದ್ರೆ ಸರಿಯಾಗಿ ಹೋಗಲ್ಲ, ಸಿಮೆಂಟಿನ ಸಣ್ಣ ಸಣ್ಣ ತೂತಲ್ಲಿ ಇಳಿದು ಕೂತಿರುತ್ತೆ, ಒಣಗಿದಾಗ ಸುಮ್ನಿರುತ್ತೆ, ಮಳೆ ಬಂದು ತೇವ ಆಡಿದ್ರೆ ಮತ್ತೆ ಘಂ ಅಂತ ಏಳುತ್ತೆ. ಅದಕ್ಕೆ ಪೆಟ್ ಶಾಪಲ್ಲಿ ಎನ್ಜೈಮ್ ಕ್ಲೀನರ್ ಅಂತ ಸಿಗುತ್ತೆ, ಅದನ್ನ ಸುರಿದು ತಕ್ಷಣ ಒರೆಸ್ಬೇಡಿ, ಬಾಟ್ಲಿ ಮೇಲೆ ಎಷ್ಟು ಹೊತ್ತು ಅಂತ ಬರೆದಿದ್ಯೋ ಅಷ್ಟು ಹೊತ್ತು ನೆನೆಯೋಕೆ ಬಿಡಿ. ಹಳೇ ಕಲೆಗೆ ಎರಡು ಮೂರು ಸಲ ಬೇಕಾಗುತ್ತೆ. ಫಿನಾಯಿಲ್ ನಿಲ್ಸಿ, ಬೆಕ್ಕಿನ ಲಿವರ್‌ಗೆ ಆ ಥರ ಕೆಮಿಕಲ್ ಅರಗಿಸ್ಕೊಳೋ ಶಕ್ತಿ ಇಲ್ಲ, ವಿಷ ಆಗುತ್ತೆ. ಯೂಟ್ಯೂಬ್ ನೋಡಿ ವಿನೆಗರ್ ಹಾಕೀರಾ ಜೋಕೆ, ಮೊಸಾಯಿಕ್‌ನಲ್ಲಿರೋ ಮಾರ್ಬಲ್ ಚೂರು, ಸಿಮೆಂಟು ಎರಡನ್ನೂ ತಿಂದು ಹೊಳಪು ಹೋಗುತ್ತೆ.

ಎಲ್ಲಿ ಮಾಡಿದೆ ಅಂತ ಗೊತ್ತಾಗೋದು ಹೇಗೆ? ಒಂದು ಯುವಿ ಟಾರ್ಚ್ ತಗೊಳಿ, ರಾತ್ರಿ ಎಲ್ಲಾ ಲೈಟ್ ಆಫ್ ಮಾಡಿ ಸೋಫಾ ಹಿಂದೆ, ಬಾಗಿಲ ಚೌಕಟ್ಟು, ಕರ್ಟನ್ ತುದಿಗೆ ಹಿಡೀರಿ, ಉಚ್ಚೆ ಬಿದ್ದ ಜಾಗ ಹೊಳೆಯುತ್ತೆ. ಗಂಡು ಬೆಕ್ಕು ನಿಂತ್ಕೊಂಡೇ ಗೋಡೆಗೆ ಚಿಮುಕಿಸುತ್ತೆ, ಅದಕ್ಕೇ ನೆಲ ಮಾತ್ರ ನೋಡಿದ್ರೆ ಸಾಲದು. ಬೆಕ್ಕಿಗೆ ಮರಿ ಆಗದ ಹಾಗೆ ಆಪರೇಷನ್ ಮಾಡಿಸಿಲ್ಲ ಅಂದ್ರೆ ಮೊದ್ಲು ಅದು ಮಾಡಿಸಿ, ಇಲ್ಲಾಂದ್ರೆ ನೀವು ತೊಳೆದಿದ್ದಕ್ಕೆ ಅದು ಮತ್ತೆ ಸಹಿ ಹಾಕುತ್ತೆ. ಇಷ್ಟೆಲ್ಲಾ ಆದ್ಮೇಲೆ ಪ್ರೈಮರ್, ಪೇಂಟು. ತೊಳೀದೆ ಪೇಂಟ್ ಹೊಡೆಸಿದ್ರೆ ದುಡ್ಡು ದಂಡ.

ಲ್ಯಾಬ್ರಡಾರ್ ಕೆಲಸ ಸುಲಭ. ಅದು ದಿನಾ ಒರಗೋ ಗೋಡೇಲಿ ಮೊಣಕಾಲೆತ್ತರಕ್ಕೆ ಕಂದು ಬಣ್ಣದ ಜಿಡ್ಡಿನ ಪಟ್ಟೆ ಇರುತ್ತೆ ನೋಡಿ, ನಿಮ್ಮ ಕಣ್ಣಿಗೆ ಬಿದ್ದಿರಲ್ಲ, ಸೋಪು ನೀರಲ್ಲಿ ಉಜ್ಜಿ. ನಾಯಿ ಹಾಸಿಗೆ ಬಿಸಾಕಿ ಹೊಸದು ತನ್ನಿ. ಸೋಫಾ ಕೂದಲಿಗೆ ಒದ್ದೆ ರಬ್ಬರ್ ಗ್ಲೌಸ್ ಹಾಕಿ ಒಂದೇ ಕಡೆ ಸವರಿ, ಉಂಡೆ ಉಂಡೆ ಬರುತ್ತೆ. ಮುಂಬಾಗಿಲಲ್ಲಿ ಪರಚಿದ ಗೆರೆಗೆ ಎಮರಿ ಪೇಪರ್, ಫಿಲ್ಲರ್, ಪಾಲಿಶ್.

ನಾಯಿ ಬೆಕ್ಕನ್ನ ಯಾರಿಗೂ ಕೊಡ್ಬೇಡಿ. ಮನೆ ತೋರ್ಸೋಕೆ ಒಂದು ಗಂಟೆ ಮುಂಚೆ ಹೇಳಪ್ಪಾ ಅಂತ ಬ್ರೋಕರ್‌ಗೆ ಖಡಾಖಂಡಿತವಾಗಿ ಹೇಳಿ, ಯಜಮಾನ್ರು ನಾಯಿ ಕರ್ಕೊಂಡು ವಾಕ್ ಹೋಗ್ಲಿ, ಬೆಕ್ಕು ಬುಟ್ಟೀಲಿ ಪಕ್ಕದ್ಮನೆಗೆ. ಟೆರೇಸಲ್ಲಿ ಕಟ್ಟಿ ಹಾಕಿದ್ರೆ ಬೊಗಳಿ ಬೊಗಳಿ ವ್ಯಾಪಾರ ಕೆಡಿಸುತ್ತೆ. ಆದ್ರೆ ಕೇಳಿದ್ರೆ ಮುಚ್ಚಿಡ್ಬೇಡಿ, ಬೆಕ್ಕು ಹೋದ್ಮೇಲೂ ಅಲರ್ಜಿ ತರೋ ಪ್ರೋಟೀನ್ ತಿಂಗಳುಗಟ್ಟಲೆ ಮನೇಲಿರುತ್ತೆ, ಬರೋರ ಮನೇಲಿ ಅಸ್ತಮಾ ಇರೋ ಮಗು ಇರಬಹುದು.

ಪ್ರಶ್ನೆ: ನಮ್ಮ ಫ್ಲಾಟ್ ತಗೊಳೋರ ಹತ್ರ ನಾಯಿ ಇದೆ. ಅಸೋಸಿಯೇಷನ್ ಬೈಲಾದಲ್ಲಿ ನಾಯಿ ಸಾಕಂಗಿಲ್ಲ ಅಂತಿದೆ. ಡೀಲ್ ಬಿದ್ದೋಗುತ್ತಾ?

ಉತ್ತರ: ಬೀಳಬೇಕಾಗಿಲ್ಲ. ಬಹುಮತ ಇದ್ರೂ ಸಾಕುಪ್ರಾಣಿ ಬ್ಯಾನ್ ಮಾಡಂಗಿಲ್ಲ, ಲಿಫ್ಟಿಗೆ ಬಿಡಲ್ಲ ಅನ್ನಂಗಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ. ಅದರ ಕಾಪಿ ಫ್ಲಾಟ್ ತಗೊಳೋರಿಗೆ ಕೊಡಿ, ಜೊತೆಗೆ ಬೈಲಾನೂ ತೋರ್ಸಿ, ಅಡ್ವಾನ್ಸ್ ಈಸ್ಕೊಳೋಕೆ ಮುಂಚೇನೇ. ಸೆಕ್ರೆಟರಿ ಜೊತೆ ಜಗಳ ಆಡೋದು ಬಿಡೋದು ಅವರಿಗೆ ಬಿಟ್ಟಿದ್ದು.